ಎಂಸಿಬಿ ಬಿದ್ದರೆ ಬೈಯಬೇಡಿ

ಕೃಷ್ಣರಾಜನಗರದ ಕಡೆ ಮಳೆ ಹಿಡಿದರೆ ಹಳೆಯ ಮನೆಗಳ ಗೋಡೆ ತಣ್ಣಗೆ ತೇವ ಕುಡಿಯುತ್ತದೆ. ಎಂಸಿಬಿ ಪದೇ ಪದೇ ಬೀಳುವುದೂ ಆಗಲೇ.

ಬಿದ್ದ ಕೂಡಲೇ ಎತ್ತಬೇಡಿ. ಆ ಲೈನಿನ ಸ್ವಿಚ್ಚುಗಳನ್ನೆಲ್ಲ ಆರಿಸಿ, ಪ್ಲಗ್ಗು ಕಿತ್ತಿಡಿ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿಯಿರಲಿ. ಎಂಸಿಬಿಯನ್ನು ಪೂರ್ತಿ ಕೆಳಗೆಳೆದು ಮೇಲೆತ್ತಿ. ನಿಂತಿತೇ? ಒಂದೊಂದೇ ಹಾಕುತ್ತ ಬನ್ನಿ. ಯಾವುದಕ್ಕೆ ಬಿತ್ತೋ ಅದೇ ಕಳ್ಳ. ಏನೂ ಹಾಕದೆಯೂ ಬಿದ್ದರೆ ದೋಷ ವೈರಿಂಗಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಯಿರಿ.

ಬೀಳುವ ಹೊತ್ತನ್ನೂ ಗಮನಿಸಿ. ಎತ್ತಿದ ತಕ್ಷಣ ಟಪ್ಪೆಂದರೆ ಸಾಮಾನ್ಯವಾಗಿ ಶಾರ್ಟ್. ಐದು ಹತ್ತು ನಿಮಿಷ ತಡೆದು ಬಿದ್ದರೆ ಲೋಡು ಹೆಚ್ಚಾಗಿದೆ. 2000 ವ್ಯಾಟ್ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಲೈನಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ 10 ಆಂಪಿಯರ್ ಎಂಸಿಬಿ ಎಷ್ಟು ಹೊತ್ತು ತಡೆದೀತು?

‘16 ತೆಗೆದು 32 ಹಾಕಿಬಿಡೋಣ ಬಿಡಿ ಸಾರ್’ ಎನ್ನುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ವೈರು ಹಳೆಯದೇ ಉಳಿಯುತ್ತದಲ್ಲ, ಎಂಸಿಬಿ ಬೀಳುವ ಮೊದಲು ಅದು ಗೋಡೆಯೊಳಗೇ ಕಾಯುತ್ತದೆ.

ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ ಎಂದರ್ಥ. ಸಂಪಿನ ಮೋಟಾರು, ಗೀಸರ್ ಕಾಯಿಲ್, ಹೊರಗೋಡೆಯ ಲೈಟು ಇವುಗಳ ಮೇಲೇ ಮೊದಲು ಅನುಮಾನಪಡಿ. ಮನೆಗಳಿಗೆ ಹಾಕುವ 30 ಮಿಲಿಆಂಪಿಯರಿನದು ಜೀವ ಉಳಿಸಲೆಂದೇ ಇರುವುದು. ಅದನ್ನು ಬೈಪಾಸ್ ಮಾಡಿಸಬೇಡಿ.

ಸುಟ್ಟ ವಾಸನೆ ಬಂದರೆ ಮೇನ್ ಆರಿಸಿ. ಕಂಬ, ಸರ್ವಿಸ್ ವೈರು, ಮೀಟರಿನ ತೊಂದರೆಯಾದರೆ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ.