ಎಳೆಯ ಕ್ವಾರ್ಟರ್‌ಬ್ಯಾಕನ ಶಿಕ್ಷಣ

ಫುಟ್‌ಬಾಲ್ ಎಂದೊಡನೆ ಮುಂಬಯಿಯ ಕನ್ನಡಿಗರಿಗೆ ಕೂಪರೇಜ್ ಮೈದಾನದ ನೆನಪಾಗುತ್ತದೆ. ಅಮೆರಿಕಾದವರು ಅದೇ ಹೆಸರಿನಿಂದ ಕರೆಯುವ ಆಟವು ಬೇರೆಯೇ ಒಂದು. ಅಲ್ಲಿಯೂ ತಂಡಕ್ಕೆ ಹನ್ನೊಂದು ಜನರೇ. ಆದರೆ ಚೆಂಡು ಎರಡು ತುದಿಗಳಲ್ಲಿಯೂ ಚೂಪಾಗಿ ಉದ್ದವಾಗಿರುತ್ತದೆ, ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನಮ್ಮವರ ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿ ನೆಲಸಿರುವ ಈ ಕಾಲದಲ್ಲಿ, ‘ನಮ್ಮ ಊರಿನ ತಂಡಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್ ಬಂದಿದ್ದಾನೆ’ ಎಂಬ ಸಂಭ್ರಮದ ಮಾತು ಫೋನಿನಲ್ಲಿ ನಮ್ಮ ಕಿವಿಗೂ ಬೀಳುವುದುಂಟು. ಮರುವರ್ಷವೇ ಅದೇ ಹುಡುಗನನ್ನು ಅದೇ ಬಾಯಿ ಬಯ್ಯುವುದೂ ಉಂಟು. ಯಾರು ಈ ಕ್ವಾರ್ಟರ್‌ಬ್ಯಾಕ್? ತಂಡಗಳು ಅವನನ್ನು ಬೆಳೆಸುವುದು ಹೇಗೆ, ಕೆಡಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಆಟದ ತಿರುಳು. ಮೈದಾನದ ಉದ್ದ ೧೦೦ ಗಜ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶಗಳು. ಆ ನಾಲ್ಕರೊಳಗೆ ೧೦ ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಹೀಗೆಯೇ ಸಾಗಿ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್. ನಡುವೆ ಬಗ್ಗಿ ನಿಂತ ಒಬ್ಬ ಆಳು ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಲೇ ಪ್ರತಿ ಅವಕಾಶವೂ ಆರಂಭ. ಅದನ್ನು ಪಡೆಯುವವನೇ ಕ್ವಾರ್ಟರ್‌ಬ್ಯಾಕ್. ಅವನು ಚೆಂಡನ್ನು ಓಟಗಾರನ ಕೈಗಿಡಬಹುದು, ತಾನೇ ಹಿಡಿದು ಓಡಬಹುದು, ಇಲ್ಲವೆ ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಎಸೆಯಬಹುದು. ಮುಂದಕ್ಕೆ ಎಸೆಯುವುದಕ್ಕೆ ನಿಯಮದ ಒಪ್ಪಿಗೆ ದೊರೆತದ್ದು ೧೯೦೬ರಲ್ಲಿ. ಅಲ್ಲಿಂದೀಚೆಗೆ ಈ ಒಬ್ಬನ ಬೆಲೆ ಏರುತ್ತಲೇ ಬಂದಿದೆ.

ಅವನ ಕೆಲಸವನ್ನು ಗಡಿಯಾರ ಹಿಡಿದು ನೋಡಬೇಕು. ಒಂದು ಅವಕಾಶ ಮುಗಿದೊಡನೆ ಮುಂದಿನದಕ್ಕೆ ೪೦ ಸೆಕೆಂಡುಗಳ ಗಡುವು. ೧೯೯೪ರಿಂದ ಅವನ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೋ ಒಂದನ್ನು ಇಡುತ್ತಾರೆ. ಮುಂದಿನ ಹೂಟ ಯಾವುದೆಂದು ಅದರ ಮೂಲಕ ಕೋಚ್ ತಿಳಿಸುತ್ತಾನೆ. ಗಡುವಿನಲ್ಲಿ ೧೫ ಸೆಕೆಂಡು ಉಳಿದಿರುವಾಗ ರೇಡಿಯೋ ನಿಂತುಹೋಗುತ್ತದೆ. ಆಮೇಲೆ ಹುಡುಗನು ಒಂಟಿ. ಕೇಳಿದ ಉದ್ದನೆಯ ಸಂಕೇತವಾಕ್ಯವನ್ನು ಒಂದಕ್ಷರ ತಪ್ಪದೆ ಹತ್ತು ಜನರಿಗೆ ಒಪ್ಪಿಸಬೇಕು. ಹೋಗಿ ಗೆರೆಯ ಬಳಿ ನಿಂತು ಎದುರಾಳಿಯ ವ್ಯೂಹವನ್ನು ಓದಬೇಕು. ಹೂಟವು ಈ ವ್ಯೂಹಕ್ಕೆ ಒಗ್ಗದಿದ್ದರೆ ಅಲ್ಲಿಯೇ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಅವನಿಗಿರುವುದು ಎರಡೂವರೆ ಮೂರು ಸೆಕೆಂಡು ಮಾತ್ರ. ಅಷ್ಟರಲ್ಲಿ ಮೂರು ಹೆಜ್ಜೆಯೋ ಐದು ಹೆಜ್ಜೆಯೋ ಹಿಂದೆ ಸರಿದು, ಮೊದಲನೆಯ ಜೊತೆಗಾರನನ್ನು ನೋಡಿ, ಅವನಿಗೆ ಎಡೆಯಿಲ್ಲವಾದರೆ ಎರಡನೆಯವನನ್ನು, ಬಳಿಕ ಮೂರನೆಯವನನ್ನು ನೋಡಿ ಎಸೆಯಬೇಕು. ಜೊತೆಗಾರನು ತಿರುಗಿ ನೋಡುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ಇತ್ತ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ಧಾವಿಸುತ್ತಿರುತ್ತಾರೆ! ತೋಳಿನ ಬಲವು ಇದರಲ್ಲಿ ಒಂದು ಪಾಲು ಮಾತ್ರ ಎಂಬುದು ಇಷ್ಟರಿಂದಲೇ ಸ್ಪಷ್ಟ.

ಇಂಥ ಹುಡುಗರು ಬರುವುದು ಕಾಲೇಜು ತಂಡಗಳಿಂದ. ಕಾಲೇಜಿನಲ್ಲಿ ಅನೇಕರಿಗೆ ಹೂಟವು ಬದಿಯಿಂದ ತೋರಿಸುವ ಚಿತ್ರಫಲಕಗಳಿಂದ ಬರುತ್ತದೆ. ಉದ್ದನೆಯ ವಾಕ್ಯವನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇರುವುದಿಲ್ಲ. ಎದುರಾಳಿಗಳಲ್ಲಿ ದುರ್ಬಲರೂ ಹಲವರು. ಅಲ್ಲಿ ‘ಎಡೆಯುಂಟು’ ಎಂದರೆ ಜೊತೆಗಾರನ ಸುತ್ತ ಮೂರು ಗಜ ಬಯಲು. ವೃತ್ತಿಪರರಲ್ಲಿ ‘ಎಡೆಯುಂಟು’ ಎಂದರೆ ಒಂದು ಗೇಣು. ಹಳೆಯ ಕಣ್ಣಿನಿಂದ ಹೊಸ ಗೇಣನ್ನು ನೋಡುವ ಹುಡುಗನು ಎಸೆಯಲು ಕಾಯುತ್ತಾನೆ, ಕಾಯುತ್ತಿರುವಾಗಲೇ ಕೆಡವಲ್ಪಡುತ್ತಾನೆ.

ಆಯ್ಕೆಯ ಪದ್ಧತಿಯೂ ಅವನಿಗೆ ಅನುಕೂಲವಲ್ಲ. ೩೨ ವೃತ್ತಿಪರ ತಂಡಗಳೂ ವರ್ಷಕ್ಕೊಮ್ಮೆ ಸೇರಿ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಡ್ರಾಫ್ಟ್ ಎಂದು ಹೆಸರಾದ ಈ ಪದ್ಧತಿ ೧೯೩೬ರಿಂದ ನಡೆದುಬಂದಿದೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಸೋತವನಿಗೆ ಕೈನೀಡುವ ಈ ನಿಯಮ ನ್ಯಾಯವಾದದ್ದೇ. ಆದರೆ ಅದರಿಂದಾಗಿ, ಎಲ್ಲರಿಗಿಂತ ಚೆನ್ನಾದ ಹುಡುಗನು ಎಷ್ಟೋ ಸಲ ಎಲ್ಲರಿಗಿಂತ ಹರಕು ಮನೆಗೇ ಹೋಗಿ ಸೇರುತ್ತಾನೆ. ೨೦೧೧ರ ಒಪ್ಪಂದದಿಂದೀಚೆಗೆ ಹೊಸಬನ ಸಂಬಳ ನಾಲ್ಕು ವರ್ಷಗಳವರೆಗೆ ಗೊತ್ತುಪಡಿಸಿದಷ್ಟೇ. ಮೊದಲ ಸುತ್ತಿನಲ್ಲಿ ಬಂದವನನ್ನು ಐದನೆಯ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕೆ ಉಂಟು. ಅಗ್ಗವಾಗಿ ಸಿಕ್ಕಿರುವ ಈ ನಾಲ್ಕೈದು ವರ್ಷಗಳಲ್ಲಿಯೇ ಅವನಿಂದ ಫಲ ತೆಗೆಯಬೇಕೆಂಬ ಆತುರ ಆಡಳಿತದವರದು. ಕೋಚಿನ ಗತಿಯಂತೂ ಇನ್ನೂ ಬಿಗಿ. ಈ ವರ್ಷ ಗೆಲ್ಲದಿದ್ದರೆ ಮುಂದಿನ ವರ್ಷ ಅವನೇ ಇರಲಾರ. ಐದು ವರ್ಷದ ಪಾಠವನ್ನು ನಿರ್ಧರಿಸುವವನು ಒಂದು ವರ್ಷದ ಮೇಷ್ಟ್ರು! ಈ ವಿದ್ಯೆಯ ದೊಡ್ಡ ತೊಡಕು ಇದೇ ಎಂದು ನನ್ನ ಅಭಿಪ್ರಾಯ.

ಹುಡುಗನನ್ನು ಕೂಡಲೆ ಆಡಿಸಬೇಕೆ, ಹಿರಿಯನ ಹಿಂದೆ ಕೂರಿಸಬೇಕೆ ಎಂಬ ವಾದ ಅಮೆರಿಕಾದಲ್ಲಿ ಮುಗಿಯುವುದೇ ಇಲ್ಲ. ನಮ್ಮ ಯಕ್ಷಗಾನ ಮೇಳಗಳಲ್ಲಿ ಹೊಸ ಹುಡುಗನು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಹೆಜ್ಜೆ ಕಲಿತು, ಚಿಕ್ಕಪುಟ್ಟ ವೇಷಗಳಲ್ಲಿ ಪಳಗಿ, ಎಷ್ಟೋ ವರ್ಷಗಳ ಮೇಲೆ ಕಿರೀಟ ಕಟ್ಟುತ್ತಿದ್ದನು. ಆದುದರಿಂದ ಕೂರಿಸುವ ಪಕ್ಷವೇ ಸರಿಯೆಂದು ನಮ್ಮಲ್ಲಿ ಅನೇಕರಿಗೆ ತೋರಬಹುದು. ಆದರೆ ಕೋಡಂಗಿಯ ಹುಡುಗನು ದಿನವೂ ರಂಗದ ಮೇಲೆ ಕುಣಿಯುತ್ತಿದ್ದನು ಎಂಬುದನ್ನು ಮರೆಯಬಾರದು. ಎರಡನೆಯ ಕ್ವಾರ್ಟರ್‌ಬ್ಯಾಕಿಗೆ ಆ ಭಾಗ್ಯವಿಲ್ಲ. ಭಾನುವಾರ ಪಂದ್ಯ, ಸೋಮವಾರ ಅದರ ಚಲಚ್ಚಿತ್ರ ನೋಡಿ ತಪ್ಪೊಪ್ಪುಗಳ ವಿಚಾರಣೆ, ಮಂಗಳವಾರ ಬಿಡುವು, ಬುಧವಾರ ಮೊದಲೆರಡು ಅವಕಾಶಗಳ ಹೂಟಗಳು, ಗುರುವಾರ ಮೂರನೆಯ ಅವಕಾಶದವು, ಶುಕ್ರವಾರ ಗೆರೆಗೆ ೨೦ ಗಜದೊಳಗಿನವು. ಇದು ಸಾಮಾನ್ಯವಾದ ವಾರದ ಕ್ರಮ. ಈ ಅಭ್ಯಾಸದಲ್ಲಿ ಬಹುಪಾಲು ಸರದಿ ಮೊದಲನೆಯವನಿಗೇ. ಎರಡನೆಯವನು ಮುಂದಿನ ಎದುರಾಳಿಯ ಹೂಟಗಳನ್ನು ಚೀಟಿ ನೋಡಿ ಆಡಿ ತೋರಿಸುತ್ತಾನೆ, ತನ್ನ ತಂಡದ ರಕ್ಷಕರಿಗೆ ಅಭ್ಯಾಸವಾಗಲೆಂದು. ಅಂದರೆ ವಾರವೆಲ್ಲ ಅವನು ಬೇರೆಯವರ ಪಾಠವನ್ನು ಓದುತ್ತಿರುತ್ತಾನೆ. ಅವನಿಗೆಂದೇ ಬೇರೆ ಹೊತ್ತು, ಬೇರೆ ಮೇಷ್ಟ್ರು ಇಲ್ಲದಿದ್ದರೆ ಆ ಕಾಯುವಿಕೆ ಬರಿಯ ಕೂಲಿ.

೨೦೦೫ರ ಡ್ರಾಫ್ಟ್ ಇದಕ್ಕೆ ಒಳ್ಳೆಯ ನಿದರ್ಶನ. ಆ ವರ್ಷ ಮೊಟ್ಟಮೊದಲು ಆಯ್ಕೆಯಾದವನು ಆಲೆಕ್ಸ್ ಸ್ಮಿತ್, ೨೧ ತುಂಬದ ಹುಡುಗ; ಸೇರಿದ್ದು ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು. ಆರನ್ ರಾಜರ್ಸ್ ಎಂಬ ಇನ್ನೊಬ್ಬನು ೨೪ನೆಯ ಸರದಿಯವರೆಗೆ ಕಾದು ಗ್ರೀನ್ ಬೇ ತಂಡಕ್ಕೆ ಹೋದನು. ಅಲ್ಲಿ ಬ್ರೆಟ್ ಫಾರ್ವ್ ಎಂಬ ಮಹಾ ಆಟಗಾರನಿದ್ದುದರಿಂದ ರಾಜರ್ಸ್ ಮೂರು ವರ್ಷ ಹಿಂದೆ ಕೂತನು. ೨೦೦೬ರಲ್ಲಿ ಆ ತಂಡಕ್ಕೆ ಮೈಕ್ ಮೆಕಾರ್ಥಿ ಮುಖ್ಯ ಕೋಚಾಗಿ ಬಂದರು. ಪಂದ್ಯಗಳಿಲ್ಲದ ವಸಂತದ ತಿಂಗಳುಗಳಲ್ಲಿ ಅವರು ಕ್ವಾರ್ಟರ್‌ಬ್ಯಾಕುಗಳಿಗೆಂದೇ ಒಂದು ಶಾಲೆಯನ್ನು ನಡೆಸುತ್ತಿದ್ದರು. ಹೆಜ್ಜೆ, ಚೆಂಡು ಹಿಡಿಯುವ ರೀತಿ, ವ್ಯೂಹ ಓದುವುದು, ಎಲ್ಲವೂ ಮೊದಲಿನಿಂದ. ೨೦೦೭ರ ನವೆಂಬರಿನಲ್ಲಿ ಡಲ್ಲಾಸಿನಲ್ಲಿ ಫಾರ್ವ್‌ಗೆ ಪೆಟ್ಟಾಗಿ ರಾಜರ್ಸ್ ನಡುವೆ ಇಳಿದಾಗ, ೨೬ ಎಸೆತಗಳಲ್ಲಿ ೧೮ ಗುರಿ ಮುಟ್ಟಿದುವು. ಮರುವರ್ಷ ಅವನೇ ಮೊದಲಿಗನಾದನು. ಆ ವರ್ಷದ ಫಲವನ್ನು ಯಾರೂ ನೆನೆಯುವುದಿಲ್ಲ: ೬ ಗೆಲುವು, ೧೦ ಸೋಲು. ತಂಡವು ಕೋಚನ್ನೂ ಬದಲಿಸಲಿಲ್ಲ, ಹುಡುಗನನ್ನೂ ಬದಲಿಸಲಿಲ್ಲ. ೨೦೧೧ರ ಫೆಬ್ರವರಿಯಲ್ಲಿ ಅವರಿಗೆ ಸೂಪರ್ ಬೌಲ್ ಪ್ರಶಸ್ತಿ ಬಂದಿತು.

ಸ್ಮಿತ್‌ನ ಕಥೆ ಬೇರೆ. ಅವನನ್ನು ಮೊದಲ ವರ್ಷವೇ ಆಡಿಸಿದರು. ಟಚ್‌ಡೌನಿಗೆ ಮುಟ್ಟಿದ ಎಸೆತ ೧, ಎದುರಾಳಿಯ ಕೈಸೇರಿದುವು ೧೧. ಆಕ್ರಮಣದ ಪಾಠ ಹೇಳುವ ಮೇಷ್ಟ್ರು ೨೦೦೫ರಲ್ಲಿ ಒಬ್ಬರು, ೨೦೦೬ರಲ್ಲಿ ಇನ್ನೊಬ್ಬರು. ೨೦೦೭, ೨೦೦೮, ೨೦೦೯ ಈ ಒಂದೊಂದು ವರ್ಷಕ್ಕೂ ಒಬ್ಬೊಬ್ಬ ಹೊಸಬರು. ಐದು ವರ್ಷಕ್ಕೆ ಐವರು! ಪ್ರತಿಯೊಬ್ಬರದೂ ಬೇರೆ ಸಂಕೇತಭಾಷೆ. ನಿನ್ನೆ ಒಂದು ಹೆಸರಿನಿಂದ ಕಲಿತ ಓಟಕ್ಕೆ ಇಂದು ಮತ್ತೊಂದು ಹೆಸರು. ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕಾದವನು ಮನಸ್ಸಿನೊಳಗೆ ಅನುವಾದ ಮಾಡುತ್ತ ನಿಂತರೆ ಗತಿಯೇನು? ೨೦೦೬ರಲ್ಲಿ ನಾರ್ವ್ ಟರ್ನರ್ ಎಂಬ ಅನುಭವಿಯ ಕೈಕೆಳಗೆ ಹುಡುಗನು ಚೇತರಿಸಿಕೊಂಡನು, ೧೬ ಟಚ್‌ಡೌನ್ ಎಸೆದನು. ಮರುವರ್ಷವೇ ಟರ್ನರ್ ಬೇರೆ ತಂಡಕ್ಕೆ ಹೋದರು. ಆಮೇಲೆ ಭುಜದ ಗಾಯ ಬೇರೆ. ೨೦೦೫ರ ಆ ಮೊದಲ ಮೇಷ್ಟ್ರು ಯಾರೆಂದು ಕೇಳಿದರೆ ವಾಚಕರಿಗೆ ಅಚ್ಚರಿಯಾದೀತು: ಮೈಕ್ ಮೆಕಾರ್ಥಿಯೇ! ಸ್ಮಿತ್‌ನಿಗೆ ಒಂದು ವರ್ಷ ಮಾತ್ರ ದೊರೆತ ಮೇಷ್ಟ್ರು ರಾಜರ್ಸ್‌ನಿಗೆ ಹದಿಮೂರು ಋತುಗಳ ಕಾಲ ದೊರೆತರು.

ಹಾಗೆಂದು ರಾಜರ್ಸ್‌ನ ಪ್ರತಿಭೆ ಹೆಚ್ಚಿನದಲ್ಲವೆಂದು ನಾನು ಹೇಳುತ್ತಿಲ್ಲ. ಇಬ್ಬರನ್ನೂ ಅದಲುಬದಲು ಮಾಡಿ ನೋಡುವಂತಿಲ್ಲ. ಆದರೆ ಕಾಯಿಸಿದ್ದರಿಂದಲೇ ಒಬ್ಬನು ಗೆದ್ದನು, ಆಡಿಸಿದ್ದರಿಂದಲೇ ಇನ್ನೊಬ್ಬನು ಸೋತನು ಎಂಬುದು ತಪ್ಪು ಲೆಕ್ಕ. ಪೇಟನ್ ಮ್ಯಾನಿಂಗ್‌ನನ್ನು ನೋಡಿ. ೧೯೯೮ರಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿ ಇಂಡಿಯಾನಾಪೊಲಿಸ್ ತಂಡಕ್ಕೆ ಬಂದವನು ಒಂದು ದಿನವೂ ಕೂರಲಿಲ್ಲ; ೧೬ ಪಂದ್ಯಗಳನ್ನೂ ಆಡಿದನು. ಎದುರಾಳಿಯ ಕೈಗೆ ೨೮ ಎಸೆತ ಕೊಟ್ಟನು, ಹೊಸಬನೊಬ್ಬನು ಹಾಗೆ ಕೊಟ್ಟ ದಾಖಲೆ ಅದು. ಗೆಲುವು ೩, ಸೋಲು ೧೩. ಮರುವರ್ಷ ಲೆಕ್ಕ ತಿರುವುಮುರುವಾಗಿ ೧೩ ಗೆಲುವು, ೩ ಸೋಲು. ಮೊದಲ ದಿನದಿಂದ ಅವನಿಗೆ ಪಾಠ ಹೇಳಿದ ಟಾಮ್ ಮೂರ್ ಹತ್ತು ವರ್ಷಕ್ಕೂ ಮಿಕ್ಕಿ ಅವನ ಜೊತೆಯಲ್ಲಿಯೇ ಇದ್ದರು. ಭಾಷೆ ಬದಲಾಗಲೇ ಇಲ್ಲ.

ನಡುವಿನ ದಾರಿಯೂ ಒಂದುಂಟು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೇ ಬಿಲ್ ವಾಲ್ಷ್ ಎಂಬ ಕೋಚ್ ೧೯೭೯ರಲ್ಲಿ, ೮೨ನೆಯವನಾಗಿ ಆಯ್ಕೆಯಾದ ಜೋ ಮೊಂಟಾನನನ್ನು ಮೊದಲ ವರ್ಷ ಅಷ್ಟಿಷ್ಟು, ಎರಡನೆಯ ವರ್ಷ ಅರ್ಧದಷ್ಟು ಆಡಿಸಿ, ೧೯೮೧ರಲ್ಲಿ ಪೂರ್ತಿ ಹೊಣೆ ಕೊಟ್ಟರು. ಆ ವರ್ಷವೇ ಪ್ರಶಸ್ತಿ ಬಂದಿತು.

ಹುಡುಗನ ಸುತ್ತಲಿನವರ ಮಾತನ್ನೂ ಹೇಳಬೇಕು. ೨೦೦೨ರಲ್ಲಿ ಹ್ಯೂಸ್ಟನ್ನಿನಲ್ಲಿ ಹೊಸ ತಂಡವೊಂದು ಆಟಕ್ಕಿಳಿದು ಡೇವಿಡ್ ಕಾರ್ ಎಂಬುವನನ್ನು ಮೊದಲ ಸರದಿಯಲ್ಲಿ ಆರಿಸಿತು. ಅವನ ಮುಂದೆ ಗೋಡೆಯಂತೆ ನಿಲ್ಲಬೇಕಾದ ಐವರು ಗೋಡೆಯಾಗಲಿಲ್ಲ. ಒಂದೇ ವರ್ಷದಲ್ಲಿ ಅವನು ೭೬ ಸಲ ಕೆಡವಲ್ಪಟ್ಟನು. ಆ ದಾಖಲೆ ಯಾರಿಗೂ ಬೇಡವಾದದ್ದು. ಮೂರು ವರ್ಷಗಳ ಮೇಲೂ ಒಂದು ಋತುವಿನಲ್ಲಿ ೬೮ ಸಲ ಬಿದ್ದನು. ಹೀಗೆ ಬಿದ್ದು ಬಿದ್ದು ಏಳುವವನ ಕಣ್ಣು ದೂರದ ಜೊತೆಗಾರನನ್ನು ಬಿಟ್ಟು ಹತ್ತಿರದ ಶತ್ರುವಿನ ಮೇಲೆ ನೆಟ್ಟುಹೋದರೆ ಅವನನ್ನು ದೂರಲಾದೀತೆ? ಇದಕ್ಕೆ ಎದುರಾದ ಉದಾಹರಣೆ ಬಫಲೋ ತಂಡದ ಜಾಷ್ ಆಲೆನ್. ೨೦೧೮ರಲ್ಲಿ ಬಂದಾಗ ಅವನ ತೋಳು ಫಿರಂಗಿ. ಗುರಿ ಮಾತ್ರ ನೂರಕ್ಕೆ ೫೨.೮. ಗುರಿ ಹುಟ್ಟಿನಿಂದ ಬರಬೇಕು, ಕಲಿಸಲಾಗದು ಎಂದು ಬಲ್ಲವರೇ ನುಡಿಯುತ್ತಿದ್ದರು. ತಂಡವು ನಾಲ್ಕು ವರ್ಷ ಬ್ರಯನ್ ಡೇಬೋಲ್ ಎಂಬ ಒಬ್ಬರನ್ನೇ ಪಾಠಕ್ಕಿಟ್ಟಿತು. ಬೇಸಗೆಯ ಬಿಡುವಿನಲ್ಲಿ ಹುಡುಗನು ಪಾದ, ಸೊಂಟ, ಭುಜ ಒಂದರ ಹಿಂದೊಂದು ತಿರುಗುವ ಕ್ರಮವನ್ನು ತಿದ್ದಿಕೊಂಡನು. ೨೦೧೯ರಲ್ಲಿ ಇಬ್ಬರು, ೨೦೨೦ರಲ್ಲಿ ಸ್ಟೆಫಾನ್ ಡಿಗ್ಸ್ ಎಂಬ ಇನ್ನೊಬ್ಬ, ಹೀಗೆ ಒಳ್ಳೆಯ ಹಿಡಿತಗಾರರನ್ನು ತಂದುಕೊಟ್ಟರು. ಗುರಿ ೨೦೧೯ರಲ್ಲಿ ೫೮.೮, ೨೦೨೦ರಲ್ಲಿ ೬೯.೨. ಇದರಲ್ಲಿ ಪಾದಕ್ಕೆಷ್ಟು, ಮೇಷ್ಟ್ರಿಗೆಷ್ಟು, ಡಿಗ್ಸ್‌ಗೆಷ್ಟು ಎಂದು ಪಾಲು ಹಂಚುವುದು ಕಷ್ಟ. ಮೂರನ್ನೂ ಒಟ್ಟಿಗೆ ಕೊಟ್ಟರೆಂಬುದೇ ಗಮನಿಸತಕ್ಕದ್ದು.

ಇನ್ನು ಸ್ಮಿತ್‌ನ ಕಥೆಯ ಉಳಿದರ್ಧ. ೨೦೧೧ರಲ್ಲಿ ಜಿಮ್ ಹಾರ್ಬಾ ಎಂಬ ಹೊಸ ಕೋಚಿನ ಕೈಯಲ್ಲಿ ಅದೇ ಸ್ಮಿತ್, ಅದೇ ಊರಿನಲ್ಲಿ, ೧೩ ಪಂದ್ಯ ಗೆದ್ದು ೩ ಮಾತ್ರ ಸೋತನು. ಕೈಸೇರದೆ ಹೋದ ಹುಡುಗನೆಂದು ಆರು ವರ್ಷ ಅವನನ್ನು ಜರೆದವರು ಮೂಗಿನ ಮೇಲೆ ಬೆರಳಿಟ್ಟರು. ೨೦೧೩ರಲ್ಲಿ ಅವನು ಕ್ಯಾನ್ಸಸ್ ಸಿಟಿ ತಂಡಕ್ಕೆ ಹೋದನು. ೨೦೧೭ರಲ್ಲಿ ಆ ತಂಡವು ಡ್ರಾಫ್ಟಿನಲ್ಲಿ ಹತ್ತನೆಯವನಾಗಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ತಂದಿತು. ತನ್ನ ಜಾಗಕ್ಕೇ ಬಂದವನೆಂದು ಸ್ಮಿತ್‌ಗೆ ತಿಳಿದಿತ್ತು. ಆದರೂ ಅವನು ಬಾಗಿಲು ಮುಚ್ಚಲಿಲ್ಲ. ವಾರದ ತಯಾರಿ ಹೇಗೆ, ಚಲಚ್ಚಿತ್ರದಲ್ಲಿ ನೋಡತಕ್ಕದ್ದೇನು ಎಂಬುದನ್ನೆಲ್ಲ ಹುಡುಗನು ಅವನ ಪಕ್ಕದಲ್ಲಿ ಕೂತು ಕಲಿತನು. ಇದನ್ನು ಮಹೋಮ್ಸ್ ತಾನೇ ಹಲವು ಸಲ ಹೇಳಿದ್ದಾನೆ. ಆ ವರ್ಷ ಸ್ಮಿತ್ ತನ್ನ ಜೀವಮಾನದ ಅತ್ಯುತ್ತಮ ಆಟವನ್ನು ಆಡಿದನು; ಮಹೋಮ್ಸ್ ಮೊದಲಿಂದ ಆಡಿದ್ದು ಋತುವಿನ ಕೊನೆಯ ಒಂದೇ ಪಂದ್ಯ. ಮುಂದಿನ ವರ್ಷ ಸ್ಮಿತ್‌ನನ್ನು ವಾಷಿಂಗ್ಟನ್ ತಂಡಕ್ಕೆ ಬಿಟ್ಟುಕೊಟ್ಟರು. ಮಹೋಮ್ಸ್ ೫೦ ಟಚ್‌ಡೌನ್ ಎಸೆದು ವರ್ಷದ ಶ್ರೇಷ್ಠ ಆಟಗಾರನೆನಿಸಿದನು. ಆಗಲೂ ಅಲ್ಲಿ ಮುಖ್ಯ ಕೋಚ್ ಆಂಡಿ ರೀಡ್ ಅವರೇ, ಸಂಕೇತಭಾಷೆಯೂ ಅದೇ.

ಸೂಪರ್ ಬೌಲ್ ಪಂದ್ಯವು ನಮ್ಮಲ್ಲಿ ಫೆಬ್ರವರಿಯ ಒಂದು ಸೋಮವಾರ ಬೆಳಗಿನ ಜಾವ ಐದು ಗಂಟೆಯ ಸುಮಾರಿಗೆ ತೊಡಗುತ್ತದೆ. ಎದ್ದು ನೋಡುವ ಉತ್ಸಾಹವುಳ್ಳವರು ಚೆಂಡಿನ ಹಿಂದೆ ಕಣ್ಣು ಓಡಿಸದೆ, ಎಸೆಯುವವನ ಪಾದಗಳನ್ನು ನಾಲ್ಕಾರು ಸಲ ನೋಡಲಿ. ಮೊದಲನೆಯವನಿಂದ ಎರಡನೆಯವನ ಕಡೆಗೆ ಮುಖ ತಿರುಗಿದಾಗ ಪಾದವೂ ಜೊತೆಯಲ್ಲಿ ತಿರುಗಿತೆ, ಅಥವಾ ಮುಖ ಮಾತ್ರ ತಿರುಗಿತೆ? ಹುಡುಗನ ಪಾಠ ಎಲ್ಲಿಯವರೆಗೆ ಬಂದಿದೆಯೆಂಬುದು ಅಲ್ಲಿ ಕಾಣಸಿಗುತ್ತದೆ.