ತೋಟದ ಬ್ಯಾಟರಿ ಗಾಡಿ: ಯಾವ ಜಾಗಕ್ಕೆ ಯಾವ ಕನೆಕ್ಟರ್?

ಗುಬ್ಬಿ, ಕುಣಿಗಲ್ ಕಡೆಯ ಸ್ನೇಹಿತರು ತೆಂಗಿನಕಾಯಿ, ಅಡಿಕೆ ಗೊನೆ, ಜೀವಾಮೃತದ ಡ್ರಮ್ ಸಾಗಿಸೋಕೆ ಸ್ವಂತ ಬ್ಯಾಟರಿ ಗಾಡಿ ಕಟ್ಟಬೇಕು ಅಂತ ಫೋನ್ ಮಾಡ್ತಾರೆ. ಮೋಟಾರ್ ಎಷ್ಟು ವ್ಯಾಟ್, ಬ್ಯಾಟರಿ ಯಾವುದು ಅಂತ ಕೇಳ್ತಾರೆ. ವೈರಿನ ಜೋಡಣೆ ಬಗ್ಗೆ ಕೇಳೋರು ಕಡಿಮೆ. ಆದ್ರೆ ಮೊದಲು ಬಿಸಿಯಾಗಿ ಕರಗೋದು ಸಡಿಲ ಜೋಡಣೆಯೇ. ಗಾಡಿ ನಿಲ್ಲಿಸೋ ಕೊಟ್ಟಿಗೆಯಲ್ಲಿ ಒಣ ಗರಿ, ಅಡಿಕೆ ಸಿಪ್ಪೆ ಇರುತ್ತೆ ಅನ್ನೋದು ನೆನಪಿರಲಿ.

ಮೊದಲು ಲೆಕ್ಕ

48 ವೋಲ್ಟ್, 1000 ವ್ಯಾಟ್ ಮೋಟಾರ್ ಅಂದ್ರೆ ಸುಮಾರು 21 ಆಂಪ್. ಲೋಡ್ ಗಾಡಿ ಹೊರಡುವಾಗ, ದಿಣ್ಣೆ ಹತ್ತುವಾಗ ಇದಕ್ಕಿಂತ ಜಾಸ್ತಿ ಎಳೆಯುತ್ತೆ. ಕಂಟ್ರೋಲರ್ ಮೇಲೆ ಬರೆದಿರೋ ಗರಿಷ್ಠ ಆಂಪ್ ನೋಡಿ, ಅದನ್ನ ತಡೆಯೋ ಕನೆಕ್ಟರ್ ಆರಿಸಿ.

ಜೋಡಣೆಯಲ್ಲಿ ಬರೀ 0.05 ಓಮ್ ತಡೆ ಇದ್ದರೂ 20 ಆಂಪ್ ಹರಿದಾಗ 1 ವೋಲ್ಟ್ ನಷ್ಟ, 20 ವ್ಯಾಟ್ ಬಿಸಿ. ಹೆಚ್ಚುಕಡಿಮೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಉರಿಸಿದ ಹಾಗೆ. ಆಂಪ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಎಲ್ಲಿಗೆ ಯಾವುದು?

• ಬ್ಯಾಟರಿಯಿಂದ ಬ್ಯಾಟರಿಗೆ: ವೈರಿನ ಅಳತೆಯ ತಾಮ್ರದ ರಿಂಗ್ ಲಗ್, ನಟ್-ಬೋಲ್ಟ್, ಸ್ಪ್ರಿಂಗ್ ವಾಷರ್.

• ಬ್ಯಾಟರಿಯಿಂದ ಕಂಟ್ರೋಲರ್‌ಗೆ: ಆಂಡರ್ಸನ್ ಮಾದರಿಯ 50 ಆಂಪ್ ಕನೆಕ್ಟರ್. ಉಲ್ಟಾ ಹಾಕೋಕೆ ಆಗಲ್ಲ. ಒಂದು ಬಣ್ಣದ್ದಕ್ಕೆ ಇನ್ನೊಂದು ಬಣ್ಣದ್ದು ಕೂರಲ್ಲ, ಹಾಗಾಗಿ ಬೇರೆ ವೋಲ್ಟಿನ ಚಾರ್ಜರ್ ಅಪ್ಪಿತಪ್ಪಿ ಸೇರಲ್ಲ.

• ಲೈಟು, ಹಾರ್ನ್, ಥ್ರಾಟಲ್: ರಬ್ಬರ್ ಸೀಲ್ ಇರೋ ಸಣ್ಣ ವಾಟರ್‌ಪ್ರೂಫ್ ಕನೆಕ್ಟರ್. ಕೆಸರು, ಜೀವಾಮೃತ ಸಿಡಿಯೋ ಜಾಗದಲ್ಲಿ ಸೀಲ್ ಇಲ್ಲದ್ದು ಹಸಿರು ಕಿಲುಬು ಹಿಡಿಯುತ್ತೆ.

ಇವು ಬೇಡ

ವೈರ್ ತಿರುಚಿ ಟೇಪ್ ಸುತ್ತೋದು ಬೇಡ. ಗಾಡಿ ಅಲುಗಾಟಕ್ಕೆ ಸಡಿಲವಾಗುತ್ತೆ. ಮನೆಯ ಪ್ಲಗ್, ಸಾಕೆಟ್, ಸ್ವಿಚ್ ಕೂಡ ಬೇಡ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಕಿಡಿ ತಾನೇ ಆರುತ್ತೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರಲ್ಲ, ಕಿಡಿ ಎಳೆದುಕೊಂಡು ಉರಿಯುತ್ತೆ. ಇದೇ ಕಾರಣಕ್ಕೆ ಗಾಡಿ ಓಡುವಾಗ ಕನೆಕ್ಟರ್ ಕೀಳಬೇಡಿ. ಸೋಲಾರ್ ಪಂಪಿನ ಪ್ಯಾನೆಲ್ ಕನೆಕ್ಟರ್‌ಗೂ ಇದೇ ನಿಯಮ.

ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟ್‌ಗೆ ಮಾತ್ರ. 48 ವೋಲ್ಟ್ ಗಾಡಿಗೆ ಅದಕ್ಕಿಂತ ಹೆಚ್ಚಿನ ಡಿಸಿ ವೋಲ್ಟ್ ಬರೆದಿರೋ ಫ್ಯೂಸನ್ನ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಹಾಕಿ. ವೈರ್ ತಡೆಯೋ ಆಂಪ್‌ಗಿಂತ ಫ್ಯೂಸ್ ದೊಡ್ಡದಿರಬಾರದು.

ಲಗ್ ಒತ್ತುವುದು

ಒಳ್ಳೆ ಕನೆಕ್ಟರ್ ತಂದು ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದರೆ ದುಡ್ಡು ದಂಡ. ಕ್ರಿಂಪಿಂಗ್ ಟೂಲ್ ಬೇಕು. ಕೊಳ್ಳೋದು ದುಬಾರಿ ಅನ್ನಿಸಿದರೆ ಅಳತೆ ಹಿಡಿದು ವೈರ್ ಕತ್ತರಿಸಿ, ತುಮಕೂರಿನ ಯಾವುದಾದರೂ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಲಗ್ ಒತ್ತಿಸಿಕೊಂಡು ಬನ್ನಿ. ಒತ್ತಿದ ಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಅಲುಗಾಡಿದರೆ ಕತ್ತರಿಸಿ ಹೊಸದು ಹಾಕಿಸಿ. ಆಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ವೈರನ್ನ ಚಾಸಿಸ್‌ಗೆ ಕ್ಲಿಪ್ ಮಾಡಿ. ವೈರಿನ ಭಾರ ಕನೆಕ್ಟರ್ ಮೇಲೆ ಬೀಳಬಾರದು.

ಹತ್ತು ನಿಮಿಷದ ಪರೀಕ್ಷೆ

ಲೋಡ್ ಹಾಕಿ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ. ಪ್ರತಿ ಜೋಡಣೆಯ ಹೊರಗಿನ ಪ್ಲಾಸ್ಟಿಕ್ ಹತ್ತಿರ ಕೈ ಒಯ್ದು ನೋಡಿ, ಆಮೇಲೆ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಆ ಜೋಡಣೆ ಬಿಚ್ಚಿ ಮತ್ತೆ ಮಾಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಹೀಗೆ ನೋಡಿದರೆ ಸಾಕು. ಚಾರ್ಜಿಗೆ ಹಾಕುವಾಗ ಗಾಡಿಯನ್ನ ಗರಿ, ಸಿಪ್ಪೆಯಿಂದ ದೂರ, ಗಾಳಿಯಾಡೋ ಕಡೆ ನಿಲ್ಲಿಸಿ.