ಪೋಕರ್ ಕಲಿಯುವವರಿಗೆ

ಅಮೆರಿಕದ ಟೆಕ್ಸಾಸಿನಲ್ಲಿ ಜನಿಸಿ, 1960ರ ದಶಕದಲ್ಲಿ ಲಾಸ್ ವೇಗಾಸ್ ನಗರವನ್ನು ಪ್ರವೇಶಿಸಿದ ‘ಹೋಲ್ಡೆಮ್’ ಎಂಬ ಪೋಕರ್ ಆಟವನ್ನು ಕಲಿಯಲೆಳಸುವ ಮಿತ್ರರು, ತಮ್ಮ ಕೈಗೆ ಬಂದ ಎರಡು ಎಲೆಗಳಲ್ಲಿ ಮೈಮರೆಯದೆ, ಸರ್ವರಿಗೂ ಸಮಾನವಾಗಿ ಮೇಜಿನ ಮೇಲೆ ತೆರೆಯಲ್ಪಡುವ ಐದು ಎಲೆಗಳಲ್ಲಿಯೇ ಹೆಚ್ಚಿನ ಲಕ್ಷ್ಯವಿಡತಕ್ಕದ್ದು; ನಿಮಗೆ ಉಪಕರಿಸುವ ಎಲೆಯು ಎದುರಾಳಿಗೂ ಉಪಕರಿಸಬಲ್ಲುದು. ಮೊದಲ ಎರಡೆಲೆಗಳು ಜೋಡಿಯಾಗಿ ಬರುವುದು ಸರಾಸರಿ 17 ಸಲಕ್ಕೊಮ್ಮೆ ಮಾತ್ರವಾದುದರಿಂದ, ದುರ್ಬಲವಾದ ಎಲೆಗಳನ್ನು ಪಣವೇರುವ ಮುನ್ನವೇ ನಿಸ್ಸಂಕೋಚವಾಗಿ ಕೆಳಗಿಡಿರಿ. ಮೇಜಿನ ಮೇಲೆ ಮೂರೆಲೆ ತೆರೆದಾಗ ಆಟೀನಿನ ನಾಲ್ಕು ಎಲೆಗಳನ್ನು ಕೂಡಿಸಿಕೊಂಡು ಐದನೆಯದಕ್ಕೆ ಕಾಯುವವನಿಗೆ, ಕಾಣದ 47 ಎಲೆಗಳಲ್ಲಿ ಬೇಕಾದವು 9 ಮಾತ್ರ. ಮುಂದಿನ ಎರಡೆಲೆಗಳಲ್ಲಿ ಅದು ದೊರೆಯುವ ಸಂಭವ ಸುಮಾರು ಶೇಕಡ 35. ಈ ಸಂಭವವನ್ನೂ, ಕಟ್ಟಬೇಕಾದ ಪಣವನ್ನೂ, ನಡುವೆ ರಾಶಿಬಿದ್ದ ಮೊತ್ತವನ್ನೂ ತೂಗಿನೋಡುವ ಅಭ್ಯಾಸವೇ ಆಟದ ಜೀವಾಳವೆಂದು ನನ್ನ ದೃಢವಾದ ನಂಬಿಕೆ. ಆ ಅಭ್ಯಾಸವು ಕೈಗೂಡುವವರೆಗೆ ಹಣವನ್ನು ಮುಟ್ಟದೆ, ಹುಣಿಸೆಬೀಜಗಳನ್ನಿಟ್ಟು ಮನೆಯವರೊಡನೆ ಆಡಿರಿ.